ಡೆಲ್ಫಿನಾ ಹತ್ತದ ಟ್ರಕ್ಕು

ಟ್ರಕ್ಕಿನ ಚಾಸಿಗೆ ಮಗಳು ಯಂತ್ರ ಹಚ್ಚುವ ಮೊದಲು ಒನೋಫ್ರೆ ಶಿಲುಬೆಯ ಗುರುತು ಮಾಡಿಕೊಂಡ. ಕೊಯ್ಯುವ ಯಂತ್ರವನ್ನು ಎರಡೂ ಕೈಯಲ್ಲಿ ಹಿಡಿದು ಟ್ರಕ್ಕಿನ ಹಿಂಬದಿಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ ಮಗಳು ಇಸಿದ್ರಾ ಅದನ್ನು ನೋಡಿ ಕನ್ನಡಕವನ್ನು ಹಣೆಗೆ ಏರಿಸಿದಳು.

"ಅಪ್ಪಾ, ನಾನೇನು ಕುರಿ ಕಡೀತಿಲ್ಲ. ಕಬ್ಬಿಣ ಕೊಯ್ತಿದೀನಿ."

"ನಿನಗೆ ಅದು ಕಬ್ಬಿಣ. ನನಗೆ ನಲವತ್ತು ವರ್ಷ."

"ಬೇಡ ಅಂದ್ರೆ ಈಗ್ಲೇ ಹೇಳು. ಅಂಗಡೀಲಿ ಇನ್ನೂ ಮೂರು ಗಾಡಿ ನನ್ನ ದಾರಿ ಕಾಯ್ತಿವೆ."

"ಬೇಡ ಅಂದೆನಾ? ಕೊಯ್ಯಮ್ಮ ತಾಯಿ, ಕೊಯ್ಯಿ," ಎಂದು ಒನೋಫ್ರೆ ಶೆಡ್ಡಿನ ಗೋಡೆಯ ಕಡೆ ಮುಖ ತಿರುಗಿಸಿ ನಿಂತ. ಕಿಡಿ ಹಾರುವ ಸದ್ದು ಶುರುವಾದಾಗ ಹಲ್ಲುನೋವು ಬಂದವನಂತೆ ದವಡೆ ಹಿಡಿದುಕೊಂಡ.

ಐವತ್ತೆಂಟನೆಯ ಇಸವಿಯ ಷೆವರ್ಲೆ ಟ್ರಕ್ಕು ಅದು. ಬದನೆಕಾಯಿಯ ಬಣ್ಣ, ಅದೂ ಒಂದರ ಮೇಲೊಂದು ಏಳು ಸಲ ಹೊಡೆದದ್ದು. ಬಿಸಿಲಿಗೆ ನಿಲ್ಲಿಸಿದರೆ ಒಳಗೆಲ್ಲೋ ಕೆಂಡ ಇದೆಯೇನೋ ಅನ್ನಿಸುವ ಹಾಗೆ ಹೊಳೆಯುತ್ತಿತ್ತು. ಹಿಂದಿನ ಹಲಗೆಯ ಮೇಲೆ ಚಿನ್ನದ ಅಕ್ಷರದಲ್ಲಿ 'ಲಾ ಡೆಲ್ಫಿನಾ' ಎಂದು ಹೆಂಡತಿಯ ಹೆಸರು. ಒನೋಫ್ರೆಯ ಹಿಂಜೇಬಿನಲ್ಲಿ ಸದಾ ಒಂದು ಮೆತ್ತನೆಯ ಹಳದಿ ಬಟ್ಟೆ ಇರುತ್ತಿತ್ತು. ಯಾರಾದರೂ ಆ ಬಣ್ಣಕ್ಕೆ ಬೆರಳು ತಾಗಿಸಿದರೆ ಸಾಕು, ಅವರು ಕೈ ತೆಗೆಯುವುದಕ್ಕೂ ಇವನು ಬಟ್ಟೆ ತೆಗೆಯುವುದಕ್ಕೂ ಸರಿಹೋಗುತ್ತಿತ್ತು. ಬಾನೆಟ್ಟಿನ ಮೇಲೆ ಕಾಫಿ ಲೋಟ ಇಟ್ಟ ತಪ್ಪಿಗೆ ತಂಗಿಯ ಗಂಡನೊಬ್ಬನ ಜೊತೆ ಎರಡು ವರ್ಷ ಮಾತು ಬಿಟ್ಟಿದ್ದ.

ಬೇರೆ ಕಡೆ ಗಂಡಸರು ಎತ್ತರಕ್ಕೆ ಹೋದರೆ ಮರ್ಯಾದೆ. ಎಸ್ಪನ್ಯೋಲದ ಕಣಿವೆಯಲ್ಲಿ ಹಾಗಲ್ಲ. ಇಲ್ಲಿ ಗಾಡಿ ನೆಲಕ್ಕೆ ಹತ್ತಿರವಾದಷ್ಟೂ ಗಂಡಸಿನ ತಲೆ ಮೇಲೆ. ಭಾನುವಾರ ಸಂಜೆ ದೊಡ್ಡ ಬೀದಿಯಲ್ಲಿ ಗಾಡಿಗಳು ಹೆಂಗಸರ ನಡಿಗೆಗಿಂತ ನಿಧಾನವಾಗಿ, ಹೊಟ್ಟೆ ನೆಲಕ್ಕೆ ಸವರಿಕೊಂಡು ಹೋಗುತ್ತವೆ. ಒನೋಫ್ರೆ ಎಂಬತ್ತಾರನೆಯ ಇಸವಿಯಲ್ಲಿ ಮುಂದಿನ ಸ್ಪ್ರಿಂಗುಗಳನ್ನು ಬೆಂಕಿಯಲ್ಲಿ ಕೊಯ್ದು, ಹಿಂದಿನ ಪಟ್ಟಿಗಳನ್ನು ಕಿತ್ತು, ಟ್ರಕ್ಕನ್ನು ಒಂದು ಮುಷ್ಟಿಯಷ್ಟು ಎತ್ತರಕ್ಕೆ ಇಳಿಸಿದ್ದ. ಅಂದಿನಿಂದ ಅದು ಏಳಲಿಲ್ಲ. ಅವನೂ ಏಳಿಸಲಿಲ್ಲ.

ಡೆಲ್ಫಿನಾ ಅದನ್ನು ಹತ್ತಿ ಮೂವತ್ತೊಂಬತ್ತು ವರ್ಷ ಆಗಿತ್ತು. "ನನ್ನ ಹೆಸರು ಬರೆಸಿ, ಹೊಟ್ಟೆ ನೆಲಕ್ಕೆ ಉಜ್ಜಿಸ್ತಾ ಊರೆಲ್ಲ ಮೆರವಣಿಗೆ ಮಾಡ್ತಾನೆ," ಎಂದು ನಗುತ್ತಲೇ ಹೇಳುತ್ತಿದ್ದಳು. ಚರ್ಚಿಗೂ ಸಂತೆಗೂ ಅವಳು ಹೋಗುತ್ತಿದ್ದದ್ದು ತನ್ನ ಬೂದು ಬಣ್ಣದ ಸಣ್ಣ ಕಾರಿನಲ್ಲಿ. ಒಂದೇ ಮದುವೆಮನೆಗೆ ಗಂಡ ಹೆಂಡತಿ ಎರಡು ಗಾಡಿಯಲ್ಲಿ ಬಂದಿಳಿಯುವುದನ್ನು ನೋಡಿ ನೋಡಿ ಕಣಿವೆಗೆ ಅಭ್ಯಾಸವಾಗಿತ್ತು.

ಕಾರಣ ಎಲ್ಲರಿಗೂ ಗೊತ್ತು. ಗೊತ್ತಿಲ್ಲದವರಿಗೆ ಪ್ರೊಕೋಪಿಯೊ ಹೇಳುತ್ತಿದ್ದ. ಪ್ರೊಕೋಪಿಯೊ ಪಕ್ಕದ ಹೊಲದವನು, ಕಾಲುವೆಯ ನೀರುಗಂಟಿ. ಯಾರ ಹೊಲಕ್ಕೆ ಯಾವಾಗ ಎಷ್ಟು ನೀರು ಎಂದು ತೂಬು ಎತ್ತುವವನು ಇಳಿಸುವವನು ಅವನೇ. ಒನೋಫ್ರೆಯ ಮನೆಯಿಂದ ರಸ್ತೆಗೆ ಬರಬೇಕಾದರೆ ಆ ಕಾಲುವೆ ದಾಟಬೇಕು. ಅದರ ಮೇಲೊಂದು ಗೂನುಬೆನ್ನಿನ ಸಿಮೆಂಟು ಸೇತುವೆ.

"ನಾನು ತೂಬಿನ ಹತ್ರ ಸನಿಕೆ ಹಿಡ್ಕೊಂಡು ನಿಂತಿದೀನಿ," ಎಂದು ಪ್ರೊಕೋಪಿಯೊ ಶುರುಮಾಡುತ್ತಿದ್ದ. "ಏಪ್ರಿಲ್ ತಿಂಗಳು, ಆ ವರ್ಷದ ಮೊದಲನೇ ನೀರು. ಈ ಮಹಾಶಯ ಗಾಡಿ ಇಳಿಸಿ ಇನ್ನೂ ಎಂಟು ದಿನ ಆಗಿಲ್ಲ. ಅವಳ ಕಾರಿನ ಬ್ಯಾಟರಿ ಸತ್ತಿದೆ, ಅವಳಿಗೆ ನೋವು ಶುರುವಾಗಿದೆ. ಸರಿ, ಟ್ರಕ್ಕಲ್ಲಿ ಕೂರಿಸ್ಕೊಂಡು ಹೊರಟ. ಸೇತುವೆ ನೆತ್ತಿ ಮೇಲೆ ಕರ್‌ರ್ ಅಂತು ನೋಡು! ಮುಂದಕ್ಕಿಲ್ಲ, ಹಿಂದಕ್ಕಿಲ್ಲ. ಆಮೆ ಕಲ್ಲಿನ ಮೇಲೆ ಹತ್ತಿದ ಹಾಗೆ. ನಾನು ಓಡಿಹೋಗಿ ಟ್ರ್ಯಾಕ್ಟರು ತರೋಷ್ಟರಲ್ಲಿ ನಮ್ಮಮ್ಮ ಹೊಲದಿಂದ ಬಂದು ಮಗೂನ ಹೊರಗೆ ತೆಗೆದೇ ಬಿಟ್ಟಿದ್ಲು."

ಆ ಮಗುವೇ ಇಸಿದ್ರಾ. ಹೊಲಕ್ಕೂ ಕಾಲುವೆಗೂ ಸಂತನಾದ ಇಸಿದ್ರೋನ ಹೆಸರನ್ನೇ ಇಟ್ಟರು. ಜ್ಞಾನಸ್ನಾನದಲ್ಲಿ ಪ್ರೊಕೋಪಿಯೊ ಜ್ಞಾನತಂದೆಯಾಗಿ ನಿಂತ, ಅಂದಿನಿಂದ ಅವನೂ ಒನೋಫ್ರೆಯೂ ಒಬ್ಬರಿಗೊಬ್ಬರು 'ಕಂಪಾದ್ರೆ' ಆದರು. ಶಾಲೆಯಲ್ಲಿ ಹುಡುಗರು ಅವಳನ್ನು 'ತೂಬು' ಎಂದು ಕರೆದು ಗೋಳುಹೊಯ್ದುಕೊಂಡರು. ಟ್ರಕ್ಕಿನಲ್ಲೇ ಹುಟ್ಟಿದವಳು ಬೇರೆಲ್ಲಿಗೆ ಹೋದಾಳು? ಊರಲ್ಲಿ ಗಾಡಿಗಳ ಕೆಳಗಿನ ಕೆಲಸಕ್ಕೆ ಅವಳದೇ ಅಂಗಡಿ ಈಗ. ಏಳಿಸಬೇಕೆ, ಇಳಿಸಬೇಕೆ, ಕುಣಿಸಬೇಕೆ, ಎಲ್ಲಕ್ಕೂ ಜನ ಅವಳನ್ನೇ ಹುಡುಕಿಕೊಂಡು ಬರುತ್ತಿದ್ದರು. ಅವಳ ಅಪ್ಪ ಒಬ್ಬನನ್ನು ಬಿಟ್ಟು.

"ಗಾಳಿ ಇರೋದು ಟೈರಿಗೆ," ಎನ್ನುತ್ತಿದ್ದ ಅಪ್ಪ. "ಗಾಳಿ ಮೇಲೆ ಗಾಡಿ ನಿಲ್ಲಿಸೋನು ಮರಳಿನ ಮೇಲೆ ಮನೆ ಕಟ್ಟಿದೋನು."

ಅಂಥವನು ಈಸ್ಟರಿಗೆ ಮುಂಚಿನ ಈ ತಪಸ್ಸುಕಾಲದ ನಡುವೆ ಒಂದು ದಿನ ಮಗಳ ಅಂಗಡಿಗೆ ಹೋಗಿ, ಟೊಪ್ಪಿಗೆ ಕೈಯಲ್ಲಿ ತಿರುಗಿಸುತ್ತಾ, "ನನ್ನ ಮಂಡಿ ನೋವಮ್ಮ. ಗಾಡಿ ತಗ್ಗಾಗಿರೋದ್ರಿಂದ ಹತ್ತಿ ಇಳಿಯೋದು ಕಷ್ಟ," ಎಂದ. ಇಸಿದ್ರಾ ಅವನ ಮಂಡಿಯನ್ನು ನೋಡಿದಳು, ಮುಖವನ್ನು ನೋಡಿದಳು. ಸುಳ್ಳಿಗೆ ಕಾಲಿಲ್ಲ ಅನ್ನುತ್ತಾರೆ, ಇವನ ಸುಳ್ಳಿಗೆ ಮಂಡಿಯೂ ಇರಲಿಲ್ಲ.

ನಿಜ ಇಷ್ಟು. ಹಿಂದಿನ ವಾರ ಡೆಲ್ಫಿನಾ ಫೋನಿನಲ್ಲಿ ಚಿಮಾಯೊ ಊರಿನಲ್ಲಿರುವ ತಂಗಿ ಎಉಫೇಲಿಯಾಳ ಜೊತೆ ಹರಟುತ್ತಿದ್ದಳು. ಈಸ್ಟರ್ ಊಟಕ್ಕೆ ಭಾವನ ಟ್ರಕ್ಕಿನಲ್ಲೇ ಬಾರೇ ಎಂದು ತಂಗಿ ಛೇಡಿಸಿರಬೇಕು. ಇವಳು ನಕ್ಕು ಹೇಳಿದಳು: "ಹೆಣ ಆದ್ಮೇಲೆ ಬೇಕಾದ್ರೆ ಅದ್ರಲ್ಲಿ ಹೇರ್ಕೊಂಡು ಹೋಗ್ಲಿ ಬಿಡೇ. ಆಗ ಬೇಡ ಅನ್ನೋಕೆ ನನಗೆ ಬಾಯಿರಲ್ಲ." ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಒನೋಫ್ರೆಗೆ ಆ ನಗು ಕೇಳಿಸಿತು, ಮಾತೂ ಕೇಳಿಸಿತು. ಕಣಿವೆಯಲ್ಲಿ ಹಾಗೆ ಹೋದವರು ಎಷ್ಟೋ ಮಂದಿ. ಹೂವು ಹೊದಿಸಿದ ಪೆಟ್ಟಿಗೆ, ಸುತ್ತ ಮುತ್ತ ತಗ್ಗಿನ ಗಾಡಿಗಳ ಸಾಲು. ತನ್ನ ಟ್ರಕ್ಕಿನ ಹಿಂದೆ ಅಂಥ ಪೆಟ್ಟಿಗೆ ಇಟ್ಟಿದ್ದನ್ನು ಅವನು ಕಣ್ಣಾರೆ ಕಂಡವನಂತೆ ನಿಂತುಬಿಟ್ಟ. ಅವಳು ಬದುಕಿರುವಾಗಲೇ, ಪಕ್ಕದ ಸೀಟಿನಲ್ಲಿ, ಒಂದೇ ಒಂದು ಸಲ ಕೂರಬೇಕು. ಅಷ್ಟೇ ಅವನ ಆಸೆ. ದಿಬ್ಬದ ಮೇಲೆ ಸಿಕ್ಕಿಕೊಂಡದ್ದರಿಂದ ತಾನೆ ಅವಳು ಬಿಟ್ಟದ್ದು? ಅಂದಿನಿಂದ ಅವನು ಸೇತುವೆಗೆ ಹಲಗೆ ಹಾಸಿ ಗಾಡಿ ದಾಟಿಸುತ್ತಿದ್ದ. ಹಲಗೆಯಿಲ್ಲದೆ ದಿಬ್ಬ ದಾಟುವಷ್ಟು ಗಾಡಿ ಎದ್ದರೆ ಮುಗಿಯಿತಲ್ಲ.

ಹೀಗೆ ಈಸ್ಟರಿಗೆ ಒಂದು ವಾರ ಮೊದಲು ಬರುವ ಗರಿಗಳ ಭಾನುವಾರ ಮುಗಿದ ಮರುದಿನದಿಂದ ಮನೆಯ ಹಿಂದಿನ ಶೆಡ್ಡಿನಲ್ಲಿ ಕೆಲಸ ಶುರುವಾಗಿತ್ತು. ಸ್ಪ್ರಿಂಗುಗಳನ್ನೆಲ್ಲ ಕಿತ್ತು ನಾಲ್ಕು ಚಕ್ರಗಳ ಪಕ್ಕ ನಾಲ್ಕು ರಬ್ಬರಿನ ಗಾಳಿಚೀಲ ಕೂರಿಸಬೇಕು. ಹಿಂದೆ ಒಂದು ಗಾಳಿಯ ತೊಟ್ಟಿ, ಅದನ್ನು ತುಂಬಲು ಪಂಪು, ತೊಟ್ಟಿಯಿಂದ ಚೀಲಗಳಿಗೆ ಸಣ್ಣ ಸಣ್ಣ ನಳಿಕೆ. ಗುಂಡಿ ಒತ್ತಿದರೆ ಗಾಳಿ ತುಂಬಿ ಗಾಡಿ ಏಳುತ್ತದೆ, ಇನ್ನೊಂದು ಗುಂಡಿ ಒತ್ತಿದರೆ ಉಸಿರು ಬಿಟ್ಟು ಕೂರುತ್ತದೆ. ಪೂರ್ತಿ ಕೂತಾಗ ಹಿಂದಿನ ಅಚ್ಚು ಮೇಲೆ ಬಂದು ಚಾಸಿಗೆ ಬಡಿಯಬಾರದೆಂದೇ ಅಲ್ಲಿ ಕಬ್ಬಿಣವನ್ನು ಅರ್ಧಚಂದ್ರದ ಹಾಗೆ ಕೊಯ್ದದ್ದು. ಕೊಯ್ದ ಜಾಗಕ್ಕೆ ದಪ್ಪ ತುಂಡನ್ನು ಬೆಸೆಯುವ ಕೆಲಸ ಮಾತ್ರ ಒನೋಫ್ರೆ ಮಗಳಿಗೆ ಬಿಡಲಿಲ್ಲ. ಗುಡ್ಡದ ಮೇಲಿನ ಸರ್ಕಾರಿ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ಪೈಪು ಬೆಸೆದು ನಿವೃತ್ತನಾದವನು ಅವನು. ಬೆಸುಗೆ ಮುಗಿದಾಗ ಇಸಿದ್ರಾ ಬೆರಳಾಡಿಸಿ ನೋಡಿ, "ಕೈ ಇನ್ನೂ ಹೋಗಿಲ್ಲ ಮುದುಕಪ್ಪಂದು," ಎಂದಳು. ಅವನಿಗೆ ಆ ಇಡೀ ದಿನಕ್ಕೆ ಅಷ್ಟು ಸಾಕಾಯಿತು.

ಹೊಗಳಿಕೆ ಹೆಚ್ಚಾಗಿ ಎಡವಟ್ಟೂ ಮಾಡಿದ. ಗುರುವಾರ ಸಂಜೆ ಇಸಿದ್ರಾ ಫೋನಿನಲ್ಲಿ ಮಾತಾಡಲು ಹೊರಗೆ ಹೋದಾಗ ಕೊನೆಯ ನಳಿಕೆಯನ್ನು ತಾನೇ ಕೂಡಿಸಿಬಿಟ್ಟ. ನಳಿಕೆ ಕೊಯ್ಯಲು ಅವಳ ಪೆಟ್ಟಿಗೆಯಲ್ಲಿ ಒಂದು ಪುಟ್ಟ ಕತ್ತರಿಯಂಥ ಸಾಧನ ಇತ್ತು. "ಅದ್ರಲ್ಲೇ ಕೊಯ್ಯಬೇಕು, ತುದಿ ಸಮ ಇರಬೇಕು," ಎಂದು ಅವಳು ನೂರು ಸಲ ಹೇಳಿದ್ದಳು. ಅಪ್ಪನಿಂದ ಬಂದ ಜೇಬುಚಾಕು ಇರುವಾಗ ಆಟಿಕೆ ಸಾಮಾನು ಯಾಕೆ ಎಂದು ಒನೋಫ್ರೆ ಚಾಕುವಿನಲ್ಲೇ ಕೊಯ್ದ.

ಶುಭ ಶುಕ್ರವಾರ ಬೆಳಗ್ಗೆ ಎದ್ದು ನೋಡಿದರೆ ಟ್ರಕ್ಕು ಎಡಗಡೆ ಹಿಂದಕ್ಕೆ ಒರಗಿತ್ತು. ಕಿವಿಗೊಟ್ಟರೆ ಎಲ್ಲಿಂದಲೋ ಸ್‌ಸ್‌ಸ್ ಎಂದು ಸಣ್ಣ ಸದ್ದು. ಆದರೆ ಆ ದಿನ ಯಾರೂ ಕಬ್ಬಿಣ ಮುಟ್ಟುವಂತಿಲ್ಲ. ಮೊಳೆ ಹೊಡೆಯಬಾರದು, ನೆಲ ಅಗೆಯಬಾರದು, ಸುತ್ತಿಗೆ ಎತ್ತಬಾರದು. ಶಿಲುಬೆಯ ಮೇಲೆ ಒಡೆಯನ ಕೈಗೆ ಮೊಳೆ ಹೊಡೆದ ದಿನ ಅದು. ಇಸಿದ್ರಾ ಅಂಗಡಿ ಮುಚ್ಚಿ ಬೆಳಕು ಹರಿಯುವ ಮೊದಲೇ ಚಿಮಾಯೊದ ಚರ್ಚಿಗೆ ಕಾಲ್ನಡಿಗೆಯ ಹರಕೆಗೆ ಹೋಗಿದ್ದಳು. ಒನೋಫ್ರೆ ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತು, ಕೈ ತೊಡೆಯ ಮೇಲಿಟ್ಟುಕೊಂಡು, ತನ್ನ ಗಾಡಿ ಗಂಟೆಗೊಂದು ಬೆರಳಿನಷ್ಟು ಇಳಿಯುವುದನ್ನು ನೋಡುತ್ತಿದ್ದ.

ಹತ್ತು ಗಂಟೆಗೆ ಡೆಲ್ಫಿನಾ ಶೆಡ್ಡಿನ ಬಾಗಿಲಿಗೆ ಬಂದಳು. ಬೆಳಗ್ಗಿನಿಂದ ಅವಳಿಗೆ ಬಿಡುವಿರಲಿಲ್ಲ. ಆ ದಿನ ಅಕ್ಕಪಕ್ಕದ ಮನೆಗಳಿಗೆ ಪುಟ್ಟ ಪುಟ್ಟ ತಟ್ಟೆಗಳಲ್ಲಿ ಅಡುಗೆ ಕಳಿಸುವ ಪದ್ಧತಿ. ಕೆಂಪು ಮೆಣಸಿನ ಸಾರಿನಲ್ಲಿ ಮುಳುಗಿದ ಮೊಟ್ಟೆಯ ವಡೆ, ಮೊಳಕೆ ಗೋಧಿಯ ಹಿಟ್ಟಿನ ಸಿಹಿ ಪನೋಚಾ. ಮೊಣಕೈವರೆಗೆ ಹಿಟ್ಟು ಮೆತ್ತಿತ್ತು.

"ಮುದುಕಾ, ನನ್ನ ಪಾತ್ರೆ ತೊಳೆಯೋ ಸೋಪು ಎಲ್ಲಿ?"

"ನಿನ್ನ ಮಗಳು ತಂದಿದ್ಲು. ಸೋಪಿನ ನೀರು ಚಿಮುಕಿಸಿದ್ರೆ ಗಾಳಿ ಸೋರೋ ಕಡೆ ಗುಳ್ಳೆ ಬರುತ್ತಂತೆ."

"ಬಂತಾ?"

"ಇವತ್ತು ಹೇಗೆ ಮುಟ್ಟೋದು? ನಿಮ್ಮಮ್ಮನೇ ಹೇಳ್ತಿರ್ಲಿಲ್ವಾ, ಶುಕ್ರವಾರ ಕಬ್ಬಿಣ ಮುಟ್ಟಿದ್ರೆ ಕೈಗೆ ಹುಣ್ಣಾಗುತ್ತೆ ಅಂತ."

ಡೆಲ್ಫಿನಾ ಒರಗಿದ ಟ್ರಕ್ಕನ್ನೂ ಒರಗಿದ ಗಂಡನನ್ನೂ ನೋಡಿದಳು. "ಸೋಪಿನ ನೀರು ಕಬ್ಬಿಣ ಅಲ್ವಲ್ಲ," ಎಂದಳು. "ನಮ್ಮಮ್ಮ ಅದರ ಬಗ್ಗೆ ಏನೂ ಹೇಳಿರ್ಲಿಲ್ಲ."

ಬಾಟಲಿ ಅವಳೇ ತೆಗೆದುಕೊಂಡಳು. ಹಿಂಬದಿಯ ಹಲಗೆಗಳನ್ನು ಎತ್ತಿಟ್ಟಿದ್ದರಿಂದ ತೊಟ್ಟಿ, ನಳಿಕೆ ಎಲ್ಲ ಕಾಣುತ್ತಿತ್ತು. ಒಂದೊಂದು ಕೀಲಿಗೂ ನೀರು ಚಿಮುಕಿಸುತ್ತಾ ಬಂದಳು. ಒನೋಫ್ರೆ ಪಕ್ಕದಲ್ಲಿ ನಿಂತು ಕಣ್ಣು ಕಿರಿದು ಮಾಡಿ ನೋಡಿದ. ಓದುವ ಕನ್ನಡಕ ಒಳಗೆ ಇತ್ತು, ತರಲು ಹೋದರೆ ಅವಳು ಎಲ್ಲಿ ಹೊರಟುಬಿಡುತ್ತಾಳೋ ಎಂದು ಅವನು ಕದಲಲಿಲ್ಲ. ಇಷ್ಟು ವರ್ಷದಲ್ಲಿ ಅವಳು ಈ ಗಾಡಿಯ ಇಷ್ಟು ಹತ್ತಿರ ಬಂದದ್ದೇ ಇಲ್ಲ.

"ಇಗೋ, ಇಲ್ನೋಡು. ಮಗು ಜೊಲ್ಲು ಸುರಿಸಿದ ಹಾಗೆ ಸುರಿಸ್ತಿದೆ. ಇದು ಯಾರು ಮಾಡಿದ್ದು?"

"ಯಾರೋ."

"ಚಾಕುವಲ್ಲಿ ಕೊಯ್ದ ಹಾಗಿದೆ."

"ನಾಳೆ ಸರಿಮಾಡ್ತಾಳೆ ಬಿಡು."

ಡೆಲ್ಫಿನಾ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಮೂವತ್ತು ವರ್ಷ ಸರ್ಕಾರದ ಪೈಪು ಬೆಸೆದೋನು! ಗುಡ್ಡದ ಮೇಲೆ ಅದೇನೇನು ಸೋರ್ತಾ ಇದ್ಯೋ ದೇವರೇ ಬಲ್ಲ."

ಅವಳ ನಗು ನೋಡಿ ಒನೋಫ್ರೆಗೆ ಧೈರ್ಯ ಬಂತು. ಮಂಡಿನೋವಿನ ಸುಳ್ಳನ್ನು ಅಲ್ಲೇ ಬಿಟ್ಟುಕೊಟ್ಟ. "ನಿನಗೋಸ್ಕರ ಹಾಕಿಸ್ತಿರೋದು ಇದೆಲ್ಲ. ಎಂಟು ಇಂಚು ಏಳುತ್ತೆ ಡೆಲ್ಫಿನಾ. ಎಂಟು! ಸೇತುವೆ ಮೇಲೆ ಇನ್ನು ಸಿಕ್ಕಿಕೊಳ್ಳೋ ಮಾತೇ ಇಲ್ಲ. ಈಸ್ಟರಿಗೆ ಎಉಫೇಲಿಯಾ ಮನೆಗೆ ಇದ್ರಲ್ಲೇ ಹೋಗೋಣ."

ಅವಳ ನಗು ನಿಂತಿತು. ಬಾಟಲಿಯನ್ನು ಕೆಳಗಿಟ್ಟು ಏಪ್ರನ್ನಿಗೆ ಕೈ ಒರೆಸಿಕೊಂಡಳು.

"ಸಿಕ್ಕಿಕೊಂಡ್ತು ಅಂತ ನಾನು ಹತ್ತೋದು ಬಿಟ್ಟೆ ಅಂದ್ಕೊಂಡಿದೀಯಾ?"

"ಮತ್ತೆ?"

"ಸಿಕ್ಕಿಕೊಳ್ಳೋದು ಯಾರಿಗಿಲ್ಲ. ಕತ್ತೆಗಾಡಿನೂ ಸಿಕ್ಕಿಕೊಳ್ಳುತ್ತೆ." ಅವಳು ಟ್ರಕ್ಕಿನ ಬಾಗಿಲ ಕಡೆ ನೋಡಿದಳು. "ಕರ್‌ರ್ ಅಂತು. ನೀನು ನಿನ್ನ ಕಡೆ ಬಾಗಿಲು ತೆಗೆದೆ. ಈಗ ಸುತ್ತಿ ನನ್ನ ಕಡೆ ಬರ್ತಾನೆ ಅಂದ್ಕೊಂಡೆ. ನೀನು ಹಿಂದಿನಿಂದ ಸುತ್ತಿ ಬಂದೋನು ನನ್ನ ಬಾಗಿಲು ಮುಟ್ಟೋ ಮೊದಲೇ ನೆಲಕ್ಕೆ ಬಿದ್ದು ಗಾಡಿ ಹೊಟ್ಟೆ ನೋಡಿದೆ. ನಾನು ಆ ಪಕ್ಕದ ಕನ್ನಡೀಲಿ ನಿನ್ನ ಬೂಟು ನೋಡ್ಕೊಂಡು ಕೂತಿದ್ದೆ. ಎರಡು ಬೂಟು, ಅಷ್ಟೇ. ಎಷ್ಟು ಹೊತ್ತು ಅಂತ ಗೊತ್ತಾ ನಿನಗೆ?"

"ಒಂದು ನಿಮಿಷ ಇರಬಹುದು."

"ಇರಬಹುದು."

ಒನೋಫ್ರೆ ಬಾಯಿ ತೆರೆದ. "ಎಣ್ಣೆ…"

"ಗೊತ್ತು. ಎಣ್ಣೆ ಸೋರಿದ್ರೆ ಆಸ್ಪತ್ರೆಗೆ ಮುಟ್ಟಲ್ಲ ಅಂತ ನೋಡಿದೆ. ನ್ಯಾಯವಾಗೇ ಇದೆ. ಮೂವತ್ತೊಂಬತ್ತು ವರ್ಷದಿಂದ ಆ ನ್ಯಾಯ ನನಗೆ ನಾನೇ ಹೇಳ್ಕೊಂಡು ಬಂದಿದೀನಿ. ಆ ಬಾಗಿಲು ಕಂಡಾಗ್ಲೆಲ್ಲ ಆ ಬೂಟೇ ಕಾಣುತ್ತೆ, ಏನು ಮಾಡ್ಲಿ?" ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವನಿಗೆ ಸುಲಭವಾಗುತ್ತಿತ್ತು. "ವಡೆ ತಣ್ಣಗಾಗ್ತಿದೆ, ಬಾ," ಎಂದು ಒಳಗೆ ಹೋದಳು.

ಒನೋಫ್ರೆ ಮತ್ತೆ ಬಕೆಟ್ಟಿನ ಮೇಲೆ ಕೂತ. ಇಷ್ಟೆಲ್ಲ ಕೊಯ್ದು, ಬೆಸೆದು, ಕೂಡಿಸಿದ್ದು ಕಾಲುನೋವಿಗೆ ಕಣ್ಣಿಗೆ ಮದ್ದು ಬಿಟ್ಟ ಹಾಗಾಯಿತಲ್ಲ ಎನ್ನಿಸಿತು. ಆ ದಿನ ತಾನು ನೆಲದಲ್ಲಿ ಮಲಗಿದ್ದು ಅವನಿಗೆ ಚೆನ್ನಾಗಿ ನೆನಪಿತ್ತು. ಇಂಜಿನ್ನಿನ ಕೆಳಗಿನ ಎಣ್ಣೆಯ ತಟ್ಟೆಗೆ ಏನೂ ಆಗಿರಲಿಲ್ಲ. ಅದನ್ನು ನೋಡಿ ಸಮಾಧಾನವಾಗಿತ್ತು, ಅದೂ ನೆನಪಿತ್ತು. ಅವಳ ಮುಖ ಹೇಗಿತ್ತು ಎಂದು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಟ್ರಕ್ಕು ಊಟದ ಹೊತ್ತಿಗೆ ನೆಲ ಮುಟ್ಟಿತು.

ಶನಿವಾರ ಇಸಿದ್ರಾ ಬಂದು ಗುಳ್ಳೆ ಬಂದ ಕೀಲನ್ನು ಬಿಚ್ಚಿದಳು. ನಳಿಕೆಯ ತುದಿ ನೋಡಿದಳು, ಅಪ್ಪನ ಜೇಬು ನೋಡಿದಳು, ಹೊಸದಾಗಿ ಕೊಯ್ದು ಕೂಡಿಸಿದಳು. ಗಾಳಿ ತುಂಬಿತು. ನಲವತ್ತು ವರ್ಷ ನೆಲ ಬಿಡದ ಟ್ರಕ್ಕು ಮೆಲ್ಲಗೆ ಎದ್ದು ನಿಂತಿತು. ನಿಂತ ಮೇಲೆ ಅದು ಯಾರದೋ ಬೇರೆಯವರ ಗಾಡಿಯ ಹಾಗೆ ಕಂಡು ಒನೋಫ್ರೆಗೆ ನಾಚಿಕೆಯಾಯಿತು. ಮಗಳು ಬೆಂಕಿಪೊಟ್ಟಣದಷ್ಟು ದೊಡ್ಡ ರಿಮೋಟನ್ನು ಅವನ ಅಂಗೈಗೆ ಹಾಕಿದಳು.

"ಮೊದಲನೇದು ನೆಲಕ್ಕೆ, ಎರಡನೇದು ಓಡಿಸೋಕೆ, ಮೂರನೇದು ದಿಬ್ಬಕ್ಕೆ. ದಿಬ್ಬದ ಮೇಲೆ ಮೂರು ಬಿಟ್ಟು ಬೇರೇದು ಮುಟ್ಟಬೇಡ."

"ನಿಮ್ಮಮ್ಮ ಬರಲ್ಲ."

"ಕೇಳಿದ್ಯಾ?"

"ಕೇಳೋಕೆ ಮುಖ ಬೇಕಲ್ಲ."

"ಇರೋ ಮುಖದಲ್ಲೇ ಕೇಳಪ್ಪ. ಹೊಸದು ನನ್ನ ಅಂಗಡೀಲಿ ಸಿಗಲ್ಲ."

ಸಂಜೆ ಡೆಲ್ಫಿನಾ ರೊಟ್ಟಿ ಲಟ್ಟಿಸುತ್ತಿದ್ದಾಗ ಅವನು ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ಹೇಳಬೇಕಾದ್ದನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ. ಬಾಗಿಲಿಗೆ ಬರುವಷ್ಟರಲ್ಲಿ ಎಲ್ಲ ಮರೆತಿತ್ತು.

"ಆವತ್ತು ನಿನ್ನ ನೋಡ್ಬೇಕಿತ್ತು ನಾನು," ಎಂದ. "ತಪ್ಪಾಯ್ತು."

"ಇಷ್ಟು ಹೇಳೋಕೆ ಮೂವತ್ತೊಂಬತ್ತು ವರ್ಷ ಬೇಕಾಯ್ತಾ ನಿನಗೆ?"

"ನೀನು ಹೇಳೋಕೂ ಅಷ್ಟೇ ಬೇಕಾಯ್ತಲ್ಲ, ಮುದುಕಿ."

ಲಟ್ಟಣಿಗೆ ನಿಂತಿತು, ಮತ್ತೆ ಉರುಳಿತು. ಅವಳು ತಲೆ ಎತ್ತಲಿಲ್ಲ. "ನೋಡೋಣ," ಎಂದಳು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿನ ಮಾತು. ಆದರೂ ಒನೋಫ್ರೆ ಹೊರಗೆ ಬಂದು ಟ್ರಕ್ಕಿನ ಪಕ್ಕದ ಸೀಟನ್ನು ಎರಡು ಸಲ ಒರೆಸಿದ.

ಈಸ್ಟರ್ ಭಾನುವಾರ ಚರ್ಚಿನಿಂದ ಬಂದ ಮೇಲೆ ಅವನು ಟ್ರಕ್ಕನ್ನು ಅಂಗಳಕ್ಕೆ ತಂದು ನಿಲ್ಲಿಸಿ, ಏನೂ ಕಾಯದವನಂತೆ ಕಾಯುತ್ತಿದ್ದ. ಬೂದು ಕಾರು ಅಲ್ಲೇ ಪಕ್ಕದಲ್ಲಿತ್ತು. ಡೆಲ್ಫಿನಾ ನೀಲಿ ಅಂಗಿ ತೊಟ್ಟು, ಪನೋಚಾದ ತಟ್ಟೆಗೆ ಬಟ್ಟೆ ಸುತ್ತಿಕೊಂಡು ಹೊರಗೆ ಬಂದಳು. ಹೊರಡುವ ಮುನ್ನ ರೊಟ್ಟಿ ಲಟ್ಟಿಸಿದ್ದಳೇನೋ, ಅಂಗೈ, ಬೆರಳು ಇನ್ನೂ ಹಿಟ್ಟಿನಿಂದ ಬೆಳ್ಳಗಿತ್ತು. ಕಾರಿನ ಹತ್ತಿರ ಹೋದಳು. ಅಲ್ಲಿ ನಿಂತಳು. ಆಮೇಲೆ ಅದನ್ನು ದಾಟಿ ಟ್ರಕ್ಕಿನ ಬಾಗಿಲ ಮುಂದೆ ಬಂದು, "ಇಷ್ಟೆತ್ತರ ನಾನು ಹೇಗೆ ಹತ್ತಲಿ?" ಎಂದಳು.

ಒನೋಫ್ರೆ ಮೊದಲನೆಯ ಗುಂಡಿ ಒತ್ತಿದ. ಹಸು ಮಲಗುವಾಗ ಮುಂಗಾಲು ಮೊದಲು ಮಡಿಸುವ ಹಾಗೆ ಟ್ರಕ್ಕು ಮುಂದೆ ಬಗ್ಗಿ, ಆಮೇಲೆ ಹಿಂದೆ ಕೂತು, ದೊಡ್ಡದಾಗಿ ಉಸಿರುಬಿಟ್ಟಿತು. ಅವಳು ಹತ್ತಿದಳು. ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಅವನು ಬಾಗಿಲು ಹಾಕಿ ಸುತ್ತಿ ಬರುವಾಗ ಕಾಲು ನೆಲದ ಮೇಲಿತ್ತೋ ಇಲ್ಲವೋ ಅವನಿಗೇ ತಿಳಿಯಲಿಲ್ಲ. ಮೂರನೆಯ ಗುಂಡಿ ಒತ್ತಿದ, ಗಾಡಿ ಎದ್ದಿತು, ಇಬ್ಬರೂ ಓಣಿಗೆ ಬಂದರು.

ಸೇತುವೆಯ ಪಕ್ಕದ ತೂಬಿನ ಕಟ್ಟೆಯ ಮೇಲೆ ಪ್ರೊಕೋಪಿಯೊ ತನ್ನ ಇಬ್ಬರು ಸೋದರಳಿಯರ ಜೊತೆ ಕೂತಿದ್ದ. ಪಕ್ಕದ ಸೀಟಿನಲ್ಲಿ ಡೆಲ್ಫಿನಾಳನ್ನು ಕಂಡು ಎದ್ದು ನಿಂತ. ಕಾಲುವೆಯಲ್ಲಿ ನೀರು ಅಂಚಿನವರೆಗೆ ಹರಿಯುತ್ತಿತ್ತು. ಟ್ರಕ್ಕು ಒಂಟೆಯ ಹಾಗೆ ಎತ್ತರವಾಗಿ ದಿಬ್ಬ ಹತ್ತಿತು. ಮುಂದಿನ ಚಕ್ರ ನೆತ್ತಿ ದಾಟಿತು. ಇನ್ನೇನು, ಮುಗಿದೇ ಹೋಯಿತು ಎನ್ನುವಾಗ ಪ್ರೊಕೋಪಿಯೊ ಹಲ್ಲು ಕಿರಿದು, ಗದ್ದ ಮೇಲಕ್ಕೆ ಎತ್ತಿ, ಅಂಗೈ ಬೋರಲು ಮಾಡಿ ಕೆಳಕ್ಕೆ ಒತ್ತಿ, ಇಳಿಸು ಎಂದು ತೋರಿಸಿದ.

ಕಣಿವೆಯಲ್ಲಿ ಆ ಸನ್ನೆಗೆ ಒಂದೇ ಉತ್ತರ. ನೋಡುವವರಿದ್ದಾಗ ಗಾಡಿ ಎತ್ತಿಕೊಂಡು ಹೋಗುವವನು ಗಂಡಸಲ್ಲ. ಒನೋಫ್ರೆ ಯೋಚನೆ ಮಾಡಲಿಲ್ಲ. ನಲವತ್ತು ವರ್ಷದ ಅಭ್ಯಾಸ ಹೆಬ್ಬೆರಳಿಗೆ ಬಂದು ಕೂತಿತ್ತು, ಅದು ತನ್ನಷ್ಟಕ್ಕೆ ಮೊದಲನೆಯ ಗುಂಡಿಯನ್ನು ಹುಡುಕಿ ಒತ್ತಿತು.

ಟ್ರಕ್ಕು ಉಸಿರುಬಿಟ್ಟು ಕೂತಿತು. ಕರ್‌ರ್ ಎಂದಿತು.

ಅದೇ ಸದ್ದು. ಅದೇ ಜಾಗ. ಪ್ರೊಕೋಪಿಯೊ ಟೊಪ್ಪಿಗೆ ತೆಗೆದು ಎದೆಗೆ ಹಿಡಿದುಕೊಂಡ. ಸೋದರಳಿಯರ ನಗು ಬಾಯಲ್ಲೇ ಉಳಿಯಿತು. ಒನೋಫ್ರೆಯ ಎಡಗೈ ಆಗಲೇ ಬಾಗಿಲಿನ ಹಿಡಿಯ ಮೇಲಿತ್ತು. ಹೊಸ ಬೆಸುಗೆ, ಹೊಸ ನಳಿಕೆ, ಚೀಲ, ಏನು ಹರಿಯಿತೋ ಏನು ಮುರಿಯಿತೋ! ಹಿಡಿಯನ್ನು ಅರ್ಧ ಎಳೆದೂ ಆಗಿತ್ತು.

ಅವನು ಕೈ ತೆಗೆದ. ಕುತ್ತಿಗೆಗೆ ಆ ಕಡೆ ತಿರುಗಲು ಬಹಳ ಹೊತ್ತು ಬೇಕಾಯಿತು. ಡೆಲ್ಫಿನಾ ಎರಡೂ ಕೈಯಲ್ಲಿ ತಟ್ಟೆಯನ್ನು ಒತ್ತಿ ಹಿಡಿದು, ಪಕ್ಕದ ಕನ್ನಡಿಯನ್ನೇ ನೋಡುತ್ತಾ ಕೂತಿದ್ದಳು. ಕನ್ನಡಿಯಲ್ಲಿ ಖಾಲಿ ಸೇತುವೆ ಮಾತ್ರ ಇತ್ತು.

"ನಿನಗೇನಾದ್ರೂ ಆಯ್ತಾ?" ಎಂದು ಕೇಳಿದ.

ಅವಳು ಕನ್ನಡಿಯಿಂದ ಕಣ್ಣು ಕಿತ್ತು ಅವನನ್ನು ನೋಡಿದಳು. ಅವನೂ ನೋಡಿದ. ಎಡಗಣ್ಣಿನ ಕೆಳಗೆ ಒಂದು ಸಣ್ಣ ಮಚ್ಚೆ, ಹುಬ್ಬಿನಲ್ಲಿ ಹಿಟ್ಟು. ಹೆದರಿದ್ದಳು. ಆ ದಿನವೂ ಹೀಗೇ ಹೆದರಿರಬೇಕು, ಇಪ್ಪತ್ತಾರು ವರ್ಷದ ಹುಡುಗಿ. ಅವನಿಗೆ ಅಳು ಬಂತು.

"ನನಗೇನಾಗುತ್ತೆ," ಎಂದಳು ಡೆಲ್ಫಿನಾ. "ಪನೋಚಾನೂ ಚೆಲ್ಲಿಲ್ಲ."

"ನಿಜವಾಗ್ಲೂ?"

"ನಿಜವಾಗ್ಲೂ ಕಣೋ. ಹೋಗು, ಇಳಿದು ನೋಡು. ನಿನ್ನ ಜೀವ ಅಲ್ಲಿ ಕೆಳಗೆ ಒದ್ದಾಡ್ತಿದೆ, ನನಗೆ ಗೊತ್ತಾಗಲ್ವಾ?"

"ಆಮೇಲೆ ನೋಡಿದ್ರಾಯ್ತು."

"ಸುಳ್ಳ," ಎಂದಳು. ಅವನ ಅಂಗೈ ಬಿಡಿಸಿ ರಿಮೋಟು ತೆಗೆದುಕೊಂಡಳು. "ಯಾವುದು ಏಳಿಸೋದು?"

"ಮೂರನೇದು."

ಅವಳು ಒತ್ತಿದಳು. ಸಿಮೆಂಟಿನ ಮೇಲಿಂದ ಟ್ರಕ್ಕು ನರಳುತ್ತಾ ಎದ್ದಿತು. ಪ್ರೊಕೋಪಿಯೊ ಟೊಪ್ಪಿಗೆ ಹಾಕಿಕೊಂಡು, "ಕಂಪಾದ್ರೆ, ಟ್ರ್ಯಾಕ್ಟರು ತರ್ಲಾ?" ಎಂದು ಕೂಗಿದ.

"ನಿನ್ನ ಟ್ರ್ಯಾಕ್ಟರೂ ಬೇಡ, ನಿನ್ನ ಸನ್ನೆನೂ ಬೇಡ!" ಎಂದು ಡೆಲ್ಫಿನಾ ಕಿಟಕಿಯಿಂದ ಕೂಗಿದಳು. ಟ್ರಕ್ಕು ಎಂಟು ಇಂಚು ಎತ್ತರದಲ್ಲೇ, ಊರೆಲ್ಲ ನೋಡುವ ಹಾಗೆ, ದೊಡ್ಡ ರಸ್ತೆಗೆ ಬಂತು. ಈಸ್ಟರಿನ ಗಾಡಿಗಳೆಲ್ಲ ತಗ್ಗಿ ಸಾಲಾಗಿ ಹೋಗುತ್ತಿದ್ದವು. ಗೆಳೆಯರು ತಲೆ ಹೊರಗೆ ಹಾಕಿ ಏನೇನೋ ಅಂದರು. ರಿಮೋಟು ಅವಳ ತೊಡೆಯ ಮೇಲೆ, ತಟ್ಟೆಯ ಪಕ್ಕದಲ್ಲಿತ್ತು. ಒನೋಫ್ರೆ ಅದನ್ನು ಕೇಳಲಿಲ್ಲ. ಸ್ಟೇರಿಂಗಿನಿಂದ ಎರಡು ಬೆರಳು ಎತ್ತಿ ಎಲ್ಲರಿಗೂ ನಮಸ್ಕಾರ ಹೇಳಿದ.

ಚಿಮಾಯೊದಲ್ಲಿ ಎಉಫೇಲಿಯಾಳ ಅಂಗಳದಲ್ಲಿ ನಿಂತಾಗ ಡೆಲ್ಫಿನಾ ತಾನೇ ಮೊದಲನೆಯ ಗುಂಡಿ ಒತ್ತಿ ಗಾಡಿಯನ್ನು ಕೂರಿಸಿ, ಕೆಳಗಿಳಿದಳು. ತಟ್ಟೆ ಇಡಲು ಆ ಕಡೆ ಈ ಕಡೆ ನೋಡಿ, ಬಾನೆಟ್ಟಿನ ಮೇಲೆ ಇಟ್ಟಳು. ಒನೋಫ್ರೆ ತಟ್ಟೆಯನ್ನು ನೋಡಿ ಕೈ ಕಟ್ಟಿಕೊಂಡ. ಆಮೇಲೆ ಅವಳು ಮೂರನೆಯದನ್ನು ಒತ್ತಿ ಮತ್ತೆ ಗಾಡಿ ಏಳಿಸಿದಳು.

"ಏನು ಮಾಡ್ತಿದೀಯ?" ಎಂದ ಅವನು.

ಅವಳು ಮುಂಚಕ್ರದ ಮೇಲಿನ ಬದನೆ ಬಣ್ಣಕ್ಕೆ ಅಂಗೈ ಊರಿ, ತನ್ನ ಮುದಿ ಮಂಡಿಯನ್ನು ಮೆಲ್ಲಗೆ ನೆಲಕ್ಕೆ ಇಳಿಸಿ, ಈಸ್ಟರಿನ ನೀಲಿ ಅಂಗಿಯಲ್ಲೇ ಬಗ್ಗಿ ಟ್ರಕ್ಕಿನ ಹೊಟ್ಟೆಯ ಕೆಳಗೆ ತಲೆ ಹಾಕಿದಳು. ಒಂದು ನಿಮಿಷ ಹಾಗೇ ಇದ್ದಳು. ಅವನಿಗೆ ಕಾಣುತ್ತಿದ್ದದ್ದು ಅವಳ ಚಪ್ಪಲಿಗಳ ಅಡಿ ಮಾತ್ರ.

"ಏನೂ ಆಗಿಲ್ಲ," ಎಂದಳು ಒಳಗಿನಿಂದ. "ಒಂದು ಗೆರೆ ಬಿದ್ದಿದೆ. ಹಳೇದರ ಪಕ್ಕದಲ್ಲಿ. ಎಣ್ಣೆ ಸೋರ್ತಿಲ್ಲ."

ಅವನು ಕೈ ಕೊಟ್ಟು ಎಬ್ಬಿಸಿದ. ಮಂಡಿಯ ಮಣ್ಣು ಕೊಡವಿಕೊಂಡು, ತಟ್ಟೆ ಎತ್ತಿಕೊಂಡು, ತಂಗಿಯ ಹೆಸರು ಕೂಗುತ್ತಾ ಅವಳು ಮನೆಯೊಳಗೆ ಹೋದಳು. ಹೊಳೆಯುವ ಬಣ್ಣದ ಮೇಲೆ ಅವಳ ಅಂಗೈಯ ಗುರುತು ಐದೂ ಬೆರಳಿನ ಸಮೇತ ಬೆಳ್ಳಗೆ ಬಿದ್ದಿತ್ತು. ಒನೋಫ್ರೆಯ ಕೈ ಹಿಂಜೇಬಿಗೆ ಹೋಯಿತು, ಹಳದಿ ಬಟ್ಟೆಯನ್ನು ಮುಟ್ಟಿತು. ಅದನ್ನು ಅಲ್ಲೇ ಇನ್ನಷ್ಟು ಒಳಗೆ ತುರುಕಿ, ಅವನು ಊಟಕ್ಕೆ ಹೋದ.